ನನ್ನ ಬೇಸ್ ಗಿಟಾರಿನ ಕೊಂಬನ್ನು ಉದ್ದ ಮಾಡಿಸಿದ ಬಗೆ

ಮಂಡ್ಯದಲ್ಲಿ ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೆ ಮೂರು ಗಂಟೆ ನಿಂತು ಬೇಸ್ ಗಿಟಾರ್ ನುಡಿಸಿ ಬಂದ ರಾತ್ರಿ ನನ್ನ ಎಡಗೈ ಮಣಿಕಟ್ಟಿನಿಂದ ಹೆಗಲಿನವರೆಗೆ ನೋಯುತ್ತಿತ್ತು. ಅಭ್ಯಾಸ ಸಾಲದೆಂದೇ ಬಹಳ ದಿನ ತಿಳಿದಿದ್ದೆ. ಒಮ್ಮೆ ಮೈಸೂರಿನ ಮನೆಯಲ್ಲಿ ಸ್ಟ್ರ್ಯಾಪ್ ಹಾಕಿಕೊಂಡು ಎರಡೂ ಕೈ ಬಿಟ್ಟಾಗ ನೆಕ್, ಅಂದರೆ ತಂತಿ ಒತ್ತುವ ಉದ್ದನೆಯ ಹಿಡಿ, ನಿಧಾನವಾಗಿ ವಾಲಿ, ಅದರ ತುದಿಯ ಹೆಡ್‌ಸ್ಟಾಕ್ ಮೊಣಕಾಲಿನ ಮಟ್ಟಕ್ಕೆ ಇಳಿದು ನಿಂತಿತು. ಸ್ವರ ಒತ್ತಬೇಕಾದ ಕೈ ಅಷ್ಟು ದಿನವೂ ವಾದ್ಯವನ್ನು ಹೊರುತ್ತಿತ್ತು.

ಸಾಮಾನ್ಯ ಬೇಸ್‌ನಲ್ಲಿ ತಂತಿಯ ಮಿಡಿಯುವ ಉದ್ದ 34 ಇಂಚು. ಅದರಾಚೆ ಹೆಡ್‌ಸ್ಟಾಕ್, ಅಲ್ಲಿ ತಂತಿ ಬಿಗಿಯುವ ನಾಲ್ಕು ದಪ್ಪ ಟ್ಯೂನಿಂಗ್ ಕೀ. ಈ ಭಾರಕ್ಕೆ ಸ್ಟ್ರ್ಯಾಪ್ ಸಿಕ್ಕಿಸುವ ಗುಂಡಿ ಎಷ್ಟು ಹತ್ತಿರವಿದ್ದರೆ ನೆಕ್ ಅಷ್ಟು ಚೆನ್ನಾಗಿ ನಿಲ್ಲುತ್ತದೆ. 1951ರ ಫೆಂಡರ್ ಪ್ರಿಸಿಷನ್ ಬೇಸ್‌ನಲ್ಲಿ ಬಾಡಿಯ ಮೇಲಿನ ಕೊಂಬು ನೆಕ್ಕಿನ ಕಡೆಗೆ ಮುಂದಕ್ಕೆ ಚಾಚಿ, ಅದರ ತುದಿಯ ಸ್ಟ್ರ್ಯಾಪ್ ಗುಂಡಿ ಹೆಚ್ಚುಕಡಿಮೆ 12ನೇ ಫ್ರೆಟ್ಟಿನ ಹತ್ತಿರ ಬರುತ್ತದೆ (ಫ್ರೆಟ್ ಎಂದರೆ ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ; ಎಣಿಕೆ ಹೆಡ್‌ಸ್ಟಾಕ್ ಕಡೆಯಿಂದ). 1963ರ ಗಿಬ್ಸನ್ ಥಂಡರ್‌ಬರ್ಡ್‌ಗೆ ಅಂಥ ಉದ್ದ ಕೊಂಬಿಲ್ಲ. ಅದರ ನೆಕ್ ಬೀಳುವುದು ನುಡಿಸುವವರಿಗೆಲ್ಲ ಗೊತ್ತಿರುವ ವಿಷಯ. ನಾನು ಹಳೆಯದಾಗಿ ಕೊಂಡಿದ್ದ ಬೇಸ್‌ನಲ್ಲಿ ಗುಂಡಿ 15ನೇ ಫ್ರೆಟ್ಟಿನ ನೇರಕ್ಕಿತ್ತು.

ಮೊದಲು ಬಾಡಿಯ ಹಿಂಬದಿಗೆ ಸೀಸದ ತುಂಡುಗಳನ್ನು ಕೂರಿಸಿದೆ. ನೆಕ್ ಏನೋ ಸ್ವಲ್ಪ ನಿಂತಿತು, ಆದರೆ ಬೆನ್ನು ಹಿಡಿದುಕೊಂಡಿತು. ಹಗುರ ಮರದ ಬಾಡಿ ಮಾಡಿಸೋಣವೆಂದುಕೊಂಡರೆ ಅದು ಇನ್ನೂ ತಪ್ಪು; ಬಾಡಿ ಹಗುರವಾದಷ್ಟೂ ನೆಕ್ಕಿನ ಭಾರವೇ ಮೇಲುಗೈಯಾಗುತ್ತದೆ. ನನ್ನ ಕಷ್ಟ ಕೇಳಿದ ಬಡಗಿಯವರು, "ಅಡ್ಡೆ ಹೊರೋನು ಒಂದ್ ಕಡೆ ಭಾರ ಆಯ್ತು ಅಂತ ಇನ್ನೊಂದ್ ಕಡೆ ಕಲ್ಲು ಕಟ್ಟಲ್ಲ ಸಾರ್, ಹೆಗಲ ಮೇಲೆ ಅಡ್ಡೆ ಸರಿಸ್ಕೋತಾನೆ," ಎಂದರು. ಭಾರ ಕೂಡಿಸುವ ಬದಲು, ಉದ್ದ ಕೊಂಬಿನ ಹೊಸ ಬಾಡಿ ಮಾಡಿಸಿ ಗುಂಡಿಯನ್ನೇ ನೆಕ್ಕಿನ ಕಡೆಗೆ ಸರಿಸಬೇಕೆಂಬ ವಿಷಯ ನನ್ನ ಮನಸ್ಸಿಗೆ ನಾಟಿದ್ದು ಆ ಮಾತಿನಿಂದಲೇ.

ಹೊಸ ಬಾಡಿಗೆ ಮರ ಕೊಯ್ಯಿಸುವ ಮುನ್ನ, ಹಳೆಯ ಕೊಂಬಿನ ಬೆನ್ನಿಗೆ ಎರಡು ಸ್ಕ್ರೂ ಹಾಕಿ ತೆಳುವಾದ ಪ್ಲೈವುಡ್ ಪಟ್ಟಿಯೊಂದನ್ನು ಬಿಗಿದು, ಅದರಲ್ಲಿ ಅರ್ಧರ್ಧ ಇಂಚಿಗೆ ಒಂದರಂತೆ ತೂತು ಕೊರೆದೆ. ಗುಂಡಿಯನ್ನು ಒಂದೊಂದೇ ತೂತಿಗೆ ಬದಲಿಸಿ, ಪ್ರತಿ ಸಲವೂ ಕೈಬಿಟ್ಟು ನೋಡಿದೆ. ನೈಲಾನ್ ಸ್ಟ್ರ್ಯಾಪ್ ಅಂಗಿಯ ಮೇಲೆ ಜಾರುವುದರಿಂದ ಸಮತೋಲದ ನಿಜಸ್ಥಿತಿ ಅದರಲ್ಲೇ ಸರಿಯಾಗಿ ತಿಳಿಯುತ್ತದೆ. ಒರಟು ಚರ್ಮದ ಸ್ಟ್ರ್ಯಾಪ್ ದೋಷವನ್ನು ಮುಚ್ಚಿಬಿಡುತ್ತದೆ. ಮೊದಲ ಮೂರು ತೂತುಗಳಲ್ಲಿ ನೆಕ್ ಬೀಳುತ್ತಲೇ ಇತ್ತು, ಬೀಳುವ ವೇಗ ಮಾತ್ರ ತಗ್ಗುತ್ತಿತ್ತು. 12ನೇ ಫ್ರೆಟ್ಟಿನ ನೇರಕ್ಕೆ, ಅಂದರೆ ಹಳೆಯ ಜಾಗದಿಂದ ಸುಮಾರು ಎರಡೂಮುಕ್ಕಾಲು ಇಂಚು ಮುಂದಕ್ಕೆ ಬಂದಾಗ, ಅದು ನೆಲಕ್ಕೆ ಸಮನಾಗಿ ನಿಂತಿತು. ಆ ಅಳತೆಯನ್ನೇ ರಟ್ಟಿಗೆ ಇಳಿಸಿ ತೇಗದ ಬಾಡಿ ಕೊಯ್ಯಿಸಿದೆವು. ಟ್ಯೂನಿಂಗ್ ಕೀಗಳನ್ನೂ ಹಗುರವಾದವಕ್ಕೆ ಬದಲಿಸಿದ್ದರಿಂದ ನೆಕ್ ಈಗ ತುಸು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಅಷ್ಟು ದೂರದ ತುದಿಯಲ್ಲಿ ಕಳೆದ ನೂರು ಗ್ರಾಂ, ಬಾಡಿಗೆ ಸೇರಿಸುವ ನೂರು ಗ್ರಾಂಗಿಂತ ಎಷ್ಟೋ ಹೆಚ್ಚಿನ ಕೆಲಸ ಮಾಡುತ್ತದೆ.

ಕುಳಿತು ನುಡಿಸುವಾಗಿನ ಲೆಕ್ಕವೇ ಬೇರೆ. ಆಗ ಕೊಂಬಿನ ಉದ್ದದಿಂದ ಪ್ರಯೋಜನವಿಲ್ಲ, ಬಾಡಿಯ ಕೆಳಸೊಂಟದ ತಗ್ಗು ತೊಡೆಯ ಮೇಲೆ ಕೂರುತ್ತದೆ. ಬೇಸ್‌ನ ಭಾರದ ಕೇಂದ್ರ ಆ ತಗ್ಗಿಗಿಂತ ನೆಕ್ಕಿನ ಕಡೆಗಿದ್ದರೆ ಮತ್ತೆ ನೆಕ್ ಬೀಳುತ್ತದೆ. ಇದನ್ನು ನಾನು ತಡವಾಗಿ ಗಮನಿಸಿದೆ. ಅಷ್ಟರಲ್ಲಿ ಕೊಂಬು ಕೊಯ್ದು ಆಗಿದ್ದರೂ ಸೊಂಟ ಇನ್ನೂ ಪೆನ್ಸಿಲ್ ಗೆರೆಯಲ್ಲೇ ಇದ್ದುದರಿಂದ, ಗೆರೆಯನ್ನು ಅಳಿಸಿ ತಗ್ಗನ್ನು ಒಂದು ಇಂಚು ನೆಕ್ಕಿನ ಕಡೆಗೆ ಸರಿಸಿ ಬರೆದುಕೊಟ್ಟೆ.