ಮೈಕ್ರೋಬ್ಲಾಗ್‌ನಲ್ಲಿ ವ್ಯಾಪಾರ ಬೆಳೆಸಬೇಕಾ? ಮೊದಲು ಕೇಳಿಸಿಕೊಳ್ಳಿ

ಮೈಕ್ರೋಬ್ಲಾಗ್, ಅಂದರೆ ಚಿಕ್ಕ ಚಿಕ್ಕ ಪೋಸ್ಟ್ ಹಾಕುವ ತಾಣಗಳಲ್ಲಿ ವ್ಯಾಪಾರಕ್ಕೆ ಅಂತ ಖಾತೆ ತೆರೆದವರಲ್ಲಿ ಜಾಸ್ತಿ ಜನ ಮೊದಲ ದಿನದಿಂದಲೇ 'ಇಂದೇ ಭೇಟಿ ಕೊಡಿ' ಅಂತ ಹಾಕಲು ಶುರು ಮಾಡುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಸ್ವಲ್ಪ ದಿನಕ್ಕೆ ಇದೆಲ್ಲ ನಮಗಲ್ಲ ಅಂತ ಕೈಬಿಡುತ್ತಾರೆ. ದಯವಿಟ್ಟು ಹಾಗೆ ಬಿಡಬೇಡಿ. ಎಕ್ಸ್, ಥ್ರೆಡ್ಸ್, ಬ್ಲೂಸ್ಕೈ, ಮಾಸ್ಟೊಡಾನ್‌ಗಳಲ್ಲಿ ಜನ ಆಗಲೇ ಮಾತಾಡುತ್ತಿದ್ದಾರೆ, ನಿಮ್ಮ ಕಸುಬಿನ ಬಗ್ಗೆಯೂ ಮಾತಾಡುತ್ತಿದ್ದಾರೆ. ಅದನ್ನು ಹುಡುಕುವುದೇ ಮೊದಲ ಕೆಲಸ.

ನೀವು ಸೈಕಲ್ ರಿಪೇರಿ ಮಾಡುವವರು ಅಂತ ಇಟ್ಟುಕೊಳ್ಳೋಣ. ಸರ್ಚ್‌ನಲ್ಲಿ 'ಸೈಕಲ್ ಸರ್ವೀಸ್' ಅಂತ ಹುಡುಕಿದರೆ ಸಿಗುವುದು ನಿಮ್ಮಂಥ ಇತರ ವ್ಯಾಪಾರಿಗಳೇ. ಗಿರಾಕಿ ಹಾಗೆ ಬರೆಯುವುದಿಲ್ಲ. ಅವರು 'ಬ್ರೇಕ್ ಕಿರ್ ಅನ್ನುತ್ತೆ', 'ಚೈನ್ ಪದೇಪದೇ ಕಳಚುತ್ತೆ' ಅಂತ ಬರೆಯುತ್ತಾರೆ. ಆ ಮಾತುಗಳನ್ನೇ ಹುಡುಕಿ. ಸಿಕ್ಕಿದವರಿಗೆ ಉತ್ತರ ಕೊಡಿ: ರಿಮ್ ಚೆನ್ನಾಗಿ ಒರೆಸಿ, ಬ್ರೇಕ್ ಪ್ಯಾಡಿನ ಮುಂತುದಿ ಸ್ವಲ್ಪ ಮೊದಲು ತಾಗುವಂತೆ ತಿರುಗಿಸಿ ನೋಡಿ, ಅಷ್ಟೇ. ಜೊತೆಗೆ ಲಿಂಕ್ ತುರುಕಬೇಡಿ. ಉತ್ತರ ಉಪಯೋಗಕ್ಕೆ ಬಂದರೆ ಅವರೇ ನಿಮ್ಮ ಪ್ರೊಫೈಲ್ ಒತ್ತಿ ನೋಡುತ್ತಾರೆ. ಹಾಗಾಗಿ ಏನು ಮಾಡುತ್ತೀರಿ, ಹೇಗೆ ಸಂಪರ್ಕಿಸಬೇಕು ಅನ್ನುವುದು ಪ್ರೊಫೈಲ್‌ನಲ್ಲಿ ಒಂದೇ ನೋಟಕ್ಕೆ ಕಾಣಬೇಕು. ನಿಮ್ಮ ಅತಿ ಒಳ್ಳೆಯ ಪೋಸ್ಟ್ ಒಂದನ್ನು ಮೇಲೆ ಪಿನ್ ಮಾಡಿಡಿ.

ಇನ್ನು ನಿಮ್ಮದೇ ಪೋಸ್ಟ್‌ಗಳು. 'ನಮ್ಮಲ್ಲಿ ಉತ್ತಮ ಗುಣಮಟ್ಟದ ಸೇವೆ ಲಭ್ಯ' ಅನ್ನುವ ಸಾಲು ಯಾರಿಗೂ ಬೇಡ. ಅದರ ಬದಲು 'ಚೈನಿಗೆ ಎಣ್ಣೆ ಹಾಕಿದ ಮೇಲೆ ಬಟ್ಟೆಯಲ್ಲಿ ಒರೆಸಿಬಿಡಿ. ಹೊರಗೆ ಉಳಿದ ಎಣ್ಣೆ ಧೂಳು ಹಿಡಿದು ಚೈನ್ ಬೇಗ ಸವೆಯುತ್ತೆ' ಅಂತ ಬರೆದು, ಸವೆದ ಚೈನು, ಹೊಸ ಚೈನು ಎರಡನ್ನೂ ಪಕ್ಕಪಕ್ಕ ಇಟ್ಟು ತೆಗೆದ ಫೋಟೋ ಹಾಕಿ ನೋಡಿ, ಓದಿದವರು ತಮ್ಮ ಸೈಕಲ್ಲನ್ನು ಹೋಗಿ ಒಮ್ಮೆ ನೋಡಿಕೊಳ್ಳುತ್ತಾರೆ. ಒಂದು ಪೋಸ್ಟಿಗೆ ಒಂದೇ ವಿಷಯ ಸಾಕು. ಮಾರಾಟದ ಮಾತು ಆಗೊಮ್ಮೆ ಈಗೊಮ್ಮೆ ಬರಲಿ, ಅದರಲ್ಲಿ ತಪ್ಪೇನಿಲ್ಲ.

ಒಂದು ಪೋಸ್ಟಿನಲ್ಲಿ ಎಷ್ಟು ಅಕ್ಷರ ಹಿಡಿಯುತ್ತೆ ಅನ್ನುವ ಲೆಕ್ಕ ಗೊತ್ತಿರಲಿ. ಟ್ವಿಟರ್ ಶುರುವಿನಲ್ಲಿ 140 ಇದ್ದದ್ದು 2017ರಲ್ಲಿ 280 ಆಯಿತು, 2023ರಲ್ಲಿ ಹೆಸರು ಎಕ್ಸ್ ಅಂತ ಬದಲಾದ ಮೇಲೂ ಉಚಿತ ಖಾತೆಗೆ ಅಷ್ಟೇ. ಬ್ಲೂಸ್ಕೈನಲ್ಲಿ 300, ಥ್ರೆಡ್ಸ್‌ನಲ್ಲಿ 500. ಕನ್ನಡದಲ್ಲಿ ಬರೆಯುವವರು ಒಂದು ಗಮನಿಸಬೇಕು: ಎಕ್ಸ್‌ನಲ್ಲಿ ಒತ್ತಕ್ಷರ, ಗುಣಿತ ಎಲ್ಲ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಅಲ್ಲಿ ಆರು. ಲಿಂಕ್ ಎಷ್ಟೇ ಉದ್ದ ಇದ್ದರೂ 23 ಅಂತಲೇ ಲೆಕ್ಕ, ಅದನ್ನು ಚಿಕ್ಕದು ಮಾಡಲು ಒದ್ದಾಡಬೇಡಿ. ಹ್ಯಾಶ್‌ಟ್ಯಾಗ್ ಒಂದೋ ಎರಡೋ ಸಾಕು. ಮಾಸ್ಟೊಡಾನ್‌ನಲ್ಲಿ ಮಾತ್ರ ಮರೆಯದೆ ಹಾಕಿ, ಅಲ್ಲಿ ಜನ ಹೊಸಬರನ್ನು ಹುಡುಕುವುದು ಹೆಚ್ಚಾಗಿ ಅದರಿಂದಲೇ.

ದೂರು ಬಂದಾಗ ನಿಜವಾದ ಪರೀಕ್ಷೆ. 'ಸರ್ವೀಸ್ ಮಾಡಿಸಿದ ಮೂರೇ ದಿನಕ್ಕೆ ಗೇರ್ ಕೆಟ್ಟಿತು' ಅಂತ ಒಬ್ಬರು ಎಲ್ಲರೆದುರು ಬರೆದರೆ ಅದನ್ನು ಮರೆಮಾಡಬೇಡಿ, ಬ್ಲಾಕ್ ಮಾಡಬೇಡಿ, ವಾದಕ್ಕಿಳಿಯಬೇಡಿ. ಅಲ್ಲೇ, ಎಲ್ಲರಿಗೂ ಕಾಣುವಂತೆ, 'ಹಾಗಾಗಬಾರದಿತ್ತು, ತಂದುಕೊಡಿ, ದುಡ್ಡಿಲ್ಲದೆ ಸರಿ ಮಾಡಿಕೊಡುತ್ತೇವೆ' ಅಂತ ಬರೆಯಿರಿ. ಫೋನ್ ನಂಬರ್, ಬಿಲ್ ವಿವರ ಮಾತ್ರ ಖಾಸಗಿ ಮೆಸೇಜ್‌ನಲ್ಲಿ ಕೇಳಿ. ಕೆಲಸ ಮುಗಿದ ಮೇಲೆ ಅದೇ ಪೋಸ್ಟಿನ ಕೆಳಗೆ ಏನು ಸರಿ ಮಾಡಿದಿರಿ ಅಂತ ಒಂದು ಸಾಲು ಹಾಕಿ. ನನ್ನ ಪ್ರಕಾರ ಹತ್ತು ಜಾಹೀರಾತು ಮಾಡದ ಕೆಲಸವನ್ನು ಆ ಒಂದು ಸಾಲು ಮಾಡುತ್ತದೆ, ಯಾಕಂದ್ರೆ ಸುಮ್ನೆ ನೋಡುತ್ತಿರುವ ಹತ್ತಾರು ಜನ ನೀವು ಹೇಗೆ ನಡೆದುಕೊಳ್ಳುತ್ತೀರಿ ಅಂತಲೇ ಅಳೆಯುತ್ತಿರುತ್ತಾರೆ.

ದಿನಕ್ಕೆ ಅರ್ಧ ಗಂಟೆ ಮೀಸಲಿಡಿ, ಅದರಲ್ಲಿ ಜಾಸ್ತಿ ಪಾಲು ಉತ್ತರ ಕೊಡುವುದಕ್ಕೇ ಹೋಗಲಿ. ಫಾಲೋವರ್‌ಗಳನ್ನು ದುಡ್ಡು ಕೊಟ್ಟು ಕೊಳ್ಳಲೇಬೇಡಿ, ಆ ಖಾತೆಗಳು ಏನನ್ನೂ ಖರೀದಿಸುವುದಿಲ್ಲ. ಫಾಲೋವರ್ ಸಂಖ್ಯೆಗಿಂತ ಎಷ್ಟು ಜನ ಪ್ರಶ್ನೆ ಕೇಳಿದರು, ಲಿಂಕ್ ಒತ್ತಿ ಎಷ್ಟು ಜನ ಬಂದರು ಅನ್ನುವುದನ್ನು ನೋಡಿ. ಲಿಂಕಿನ ಕೊನೆಗೆ ಯುಟಿಎಂ ಟ್ಯಾಗ್, ಅಂದರೆ ಎಲ್ಲಿಂದ ಬಂದರು ಅಂತ ಗುರುತಿಸುವ ಪದಗಳನ್ನು, ಪೋಸ್ಟಿಗೊಂದರಂತೆ ಬೇರೆ ಬೇರೆಯಾಗಿ ಸೇರಿಸಿದರೆ ಯಾವ ಪೋಸ್ಟಿನಿಂದ ಬಂದರು ಅನ್ನುವುದು ನಿಮ್ಮ ಸೈಟಿನ ಅನಲಿಟಿಕ್ಸ್‌ನಲ್ಲಿ (ಭೇಟಿಗಳ ಲೆಕ್ಕದಲ್ಲಿ) ಕಾಣುತ್ತದೆ. ಸೈಟ್ ಇಲ್ಲದಿದ್ದರೆ ಬಂದ ಗಿರಾಕಿಯನ್ನೇ 'ನಮ್ಮ ಬಗ್ಗೆ ಎಲ್ಲಿ ಗೊತ್ತಾಯ್ತು?' ಅಂತ ಕೇಳಿ ಬರೆದಿಟ್ಟುಕೊಳ್ಳಿ.