ಗಾಜಿನ ಪೆಟ್ಟಿಗೆಯ ಎದುರು ನಿಂತು ಕವಿತೆ ಬರೆಯುವುದು

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮನೆಯೇ ಈಗ ಮ್ಯೂಸಿಯಂ. 1955ರಲ್ಲಿ ಬಂದ ಭಾರತರತ್ನವನ್ನು ಎಲ್ಲರೂ ನೋಡುತ್ತಾರೆ. ಕವಿತೆಗೆಂದು ಹೋದವರು ಅದನ್ನು ದಾಟಿ, ಅವರ ವಿಸಿಟಿಂಗ್ ಕಾರ್ಡ್ ಮುದ್ರಿಸುತ್ತಿದ್ದ ಅಚ್ಚಿನ ಹತ್ತಿರ ಬನ್ನಿ. ಪದಕದ ಬಗ್ಗೆ ಭಾಷಣಗಳಲ್ಲಿ ಎಲ್ಲ ಹೇಳಿ ಆಗಿದೆ, ಅಚ್ಚಿನ ಬಗ್ಗೆ ಇಲ್ಲ.

ಪೆನ್ಸಿಲ್, ನೋಟ್‌ಬುಕ್ ಸಾಕು. ಮೊದಲ ಹತ್ತು ನಿಮಿಷ ಫಲಕ ಓದಬೇಡಿ, ಫೋಟೊ ತೆಗೆಯಬೇಡಿ. ಕಂಡದ್ದನ್ನು 15 ಪದಗಳಲ್ಲಿ ಗುರುತು ಮಾಡಿಕೊಳ್ಳಿ: ಅಂಚು, ಸವೆತ, ಒತ್ತು, ಮಸಿ. ‘ಅದ್ಭುತ’, ‘ಅಮೂಲ್ಯ’ ಬರೆದಿದ್ದರೆ ಹೊಡೆದುಹಾಕಿ. ಆಮೇಲೆ ಒಂದೇ ಪ್ರಶ್ನೆ: ಇದು ಏನು ಕೆಲಸ ಮಾಡುತ್ತಿತ್ತು? ಅಚ್ಚಿನಲ್ಲಿ ಅಕ್ಷರ ಉಲ್ಟಾ ಇರುತ್ತದೆ. ಕವಿತೆ ಅಲ್ಲೇ ಇದೆ.

ತಿರುಗುಮುರುಗಾದ ಹೆಸರು
ಕಾಗದಕ್ಕೆ ಒತ್ತಿದ ಮೇಲಷ್ಟೇ ನೇರ.
ಕಾರ್ಡು ಹೋಯಿತು ಊರೂರಿಗೆ,
ಅಚ್ಚು ಮನೆಯಲ್ಲೇ.

ಫಲಕ ಓದುವುದು ಈಗ. ಅದರಿಂದ ಒಂದೇ ಸಂಗತಿ ತೆಗೆದುಕೊಳ್ಳಿ. ಮೂರು ತೆಗೆದುಕೊಂಡರೆ ಪದ್ಯ ಜೀವನಚರಿತ್ರೆಯಾಗುತ್ತದೆ. ವಸ್ತುವಿನ ಬಾಯಲ್ಲಿ ‘ನಾನು’ ಎಂದು ಹೇಳಿಸುವುದಾದರೆ ಅದಕ್ಕೆ ಗೊತ್ತಿರುವಷ್ಟನ್ನೇ ಹೇಳಿಸಿ. ಅಚ್ಚಿಗೆ ಗೊತ್ತಿರುವುದು ಮಸಿ, ಕಾಗದ. ಕನ್ನಂಬಾಡಿ ಕಟ್ಟೆಯಲ್ಲ.

ಕನ್ನಡದಲ್ಲಿ ಬರೆಯುವವರು ಜಾರುವ ಜಾಗ ಇನ್ನೊಂದು. ನಮ್ಮ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹಾಗಾಗಿ ಸಾಲುಗಳೆಲ್ಲ ‘ಇತ್ತು, ಹೊತ್ತಿತ್ತು, ಸತ್ತಿತ್ತು’ ಎಂದು ಮುಗಿದು ಪ್ರಾಸ ತಾನಾಗಿ ಬಂದ ಹಾಗೆ ಕಾಣುತ್ತದೆ. ಅದು ಪ್ರಾಸವಲ್ಲ, ವ್ಯಾಕರಣ. ಮೇಲಿನ ಮೂರನೇ ಸಾಲಿನ ಹಾಗೆ ಕ್ರಿಯಾಪದವನ್ನು ನಡುವಿಗೆ ತನ್ನಿ, ಇಲ್ಲವೇ ಕೊನೆಯ ಸಾಲಿನ ಹಾಗೆ ಬಿಟ್ಟುಬಿಡಿ.

ಮ್ಯೂಸಿಯಂ ದೂರವಾದರೆ ಕೋಲಾರದ ಕಡೆಯ ಹಳ್ಳಿಗಳ ವೀರಗಲ್ಲು ಇದೆ. ಹಂತಗಳಿರುವ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಕವಿತೆಯೂ ಹಾಗೇ ಹತ್ತಲಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ, ಕಲ್ಲು ಹಾಳಾಗುತ್ತದೆ. ಬೆಳಗ್ಗೆ ಅಥವಾ ಸಂಜೆ ಹೋಗಿ. ಓರೆ ಬಿಸಿಲಿಗೆ ಅಕ್ಷರ ತಾನೇ ಎದ್ದು ಕಾಣುತ್ತದೆ. ಶಾಸನದ ಪಾಠವನ್ನು ಕರ್ನಾಟಕದ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ 10ನೇ ಸಂಪುಟದಲ್ಲಿ ಹುಡುಕಿ, ಆದರೆ ಮೊದಲ ಕರಡು ಮುಗಿದ ಮೇಲೆ.

ಕರಡು ಒಂದು ರಾತ್ರಿ ಹಾಗೇ ಇರಲಿ. ಮರುದಿನ ಗಟ್ಟಿಯಾಗಿ ಓದಿ, ನಾಲಿಗೆ ತಡವರಿಸಿದ ಕಡೆ ಪದ ಕಡಿಮೆ ಮಾಡಿ. ಮೊದಲ ಎರಡು ಸಾಲು ಬರೀ ಪೀಠಿಕೆಯಾಗಿದ್ದರೆ ತೆಗೆದುಹಾಕಿ, ಮೂರನೆಯದರಿಂದ ಶುರುಮಾಡಿ.