ಭಾಷಣದ ಭರವಸೆಯನ್ನು ಕ್ರಿಯಾಪದ ಹಿಡಿದು ತೂಗುವುದು

ಪ್ರಚಾರ ಭಾಷಣದಲ್ಲಿ ಮಾತು ಕೊಟ್ಟದ್ದೆಷ್ಟು, ಬರೀ ಆಶಯ ಹೇಳಿದ್ದೆಷ್ಟು ಎಂದು ಬೇರ್ಪಡಿಸಲು ತಲೆಬರಹ ಸಾಲದು. "ಶಾಲೆ ಕಟ್ಟಿಸಲು ಪ್ರಯತ್ನಿಸುತ್ತೇವೆ" ಎಂದದ್ದು ಅಲ್ಲಿ "ಶಾಲೆಯ ಭರವಸೆ" ಆಗಿಬಿಡುತ್ತದೆ. ಪೂರ್ತಿ ವಿಡಿಯೊ ಹುಡುಕಿ, ಆ ವಾಕ್ಯವನ್ನೂ ಅದರ ಹಿಂದುಮುಂದಿನ ಎರಡೆರಡು ವಾಕ್ಯಗಳನ್ನೂ ಆಡಿದ ಹಾಗೇ ಬರೆದುಕೊಳ್ಳಿ. ಪಕ್ಕದಲ್ಲಿ ತಾರೀಕು ಇರಲಿ.

ಈಗ ಕ್ರಿಯಾಪದಕ್ಕೆ ಗೆರೆ ಎಳೆಯಿರಿ. ಕನ್ನಡದಲ್ಲಿ ಅದು ವಾಕ್ಯದ ತುದಿಯಲ್ಲಿರುತ್ತದೆ. ಚಪ್ಪಾಳೆ ಎಷ್ಟೋ ಸಲ ಅದಕ್ಕೂ ಮೊದಲೇ ಬಿದ್ದಿರುತ್ತದೆ. "ಕಟ್ಟಿಸುತ್ತೇನೆ" ಎಂದರೆ ಹೊಣೆ ಯಾರದೆಂದು ಗೊತ್ತಾಯಿತು. "ಕಟ್ಟಿಸುತ್ತೇವೆ" ಎಂದರೆ ಪಕ್ಷವೋ, ಸರ್ಕಾರವೋ, ಮೈತ್ರಿಕೂಟವೋ ಎಂದು ಕೇಳಬೇಕು. "ಕಟ್ಟಿಸಲಾಗುವುದು" ಎಂದಾಗ ಕಟ್ಟಿಸುವವರೇ ಮಾಯ. "ಕಟ್ಟಿಸಲು ಬದ್ಧರಾಗಿದ್ದೇವೆ" ಎಂಬುದು ಕಿವಿಗೆ ಎಲ್ಲಕ್ಕಿಂತ ಗಟ್ಟಿ, ತೂಕದಲ್ಲಿ ಹಗುರ. ಅದು ಮನಸ್ಸಿನ ಸ್ಥಿತಿ ಹೇಳುತ್ತದೆಯೇ ಹೊರತು ಕೆಲಸವನ್ನಲ್ಲ. ಒಂದು ಇಟ್ಟಿಗೆ ಇಡದೆಯೂ ಅವಧಿಯುದ್ದಕ್ಕೂ ಬದ್ಧರಾಗಿಯೇ ಇರಬಹುದು. "ಗಮನ ಹರಿಸುತ್ತೇವೆ", "ಆದ್ಯತೆ ನೀಡುತ್ತೇವೆ" ಇವನ್ನಂತೂ ಪಟ್ಟಿಗೇ ಸೇರಿಸಬೇಡಿ.

ಉಳಿದದ್ದಕ್ಕೆ ಎಷ್ಟು, ಯಾವಾಗ ಎಂದು ಕೇಳಿ. "ದುಪ್ಪಟ್ಟು" ಎಂದರೆ ಇವತ್ತಿನ ಸಂಖ್ಯೆಯನ್ನು ಇವತ್ತೇ ಬರೆದಿಡಿ. ಮುಂದೆ ಲೆಕ್ಕ ಎಲ್ಲಿಂದ ಶುರುವಾಯಿತು ಎಂಬುದರ ಮೇಲೇ ಜಗಳ ಏಳುತ್ತದೆ. "ಹಂತಹಂತವಾಗಿ" ಎಂಬುದಕ್ಕೆ ಕೊನೆಯ ದಿನವಿಲ್ಲ. ಅಭ್ಯರ್ಥಿ ಯಾವ ಹುದ್ದೆಗಾಗಿ ಮತ ಕೇಳುತ್ತಿದ್ದಾರೋ ಆ ಹುದ್ದೆಗೆ ಆ ಕೆಲಸದ ಅಧಿಕಾರ ಇದೆಯೇ ಎಂದೂ ನೋಡಿ.

ಒಂದೇ ವಾಕ್ಯದಲ್ಲಿ ಎರಡು ಕ್ರಿಯಾಪದ ಬಂದರೆ ಒಡೆದು ಬರೆಯಿರಿ. ಬ್ರಿಟನ್ನಿನಲ್ಲಿ 2010ರ ಚುನಾವಣೆಗೆ ಮುನ್ನ ಲಿಬರಲ್ ಡೆಮಾಕ್ರಾಟ್ ಪಕ್ಷದ ಅಭ್ಯರ್ಥಿಗಳು ಸಹಿ ಹಾಕಿದ ವಿದ್ಯಾರ್ಥಿ ಸಂಘಟನೆಯ ಪ್ರತಿಜ್ಞೆಯಲ್ಲಿ ಎರಡು ಮಾತಿತ್ತು: ವಿಶ್ವವಿದ್ಯಾಲಯದ ಶುಲ್ಕ ಏರಿಕೆಯ ವಿರುದ್ಧ ಮತ ಹಾಕುತ್ತೇನೆ; ಹೆಚ್ಚು ನ್ಯಾಯವಾದ ವ್ಯವಸ್ಥೆಗಾಗಿ ಸರ್ಕಾರದ ಮೇಲೆ ಒತ್ತಡ ಹಾಕುತ್ತೇನೆ. ಮೊದಲನೆಯದಕ್ಕೆ ಸರ್ಕಾರ ರಚಿಸುವ ಬಲವೂ ಬೇಡ, ತನ್ನ ಒಂದು ಮತ ಸಾಕು. ಪಕ್ಷ ಮೈತ್ರಿ ಸರ್ಕಾರ ಸೇರಿತು. ಡಿಸೆಂಬರಿನಲ್ಲಿ ವಾರ್ಷಿಕ ಶುಲ್ಕದ ಮಿತಿಯನ್ನು 9,000 ಪೌಂಡಿಗೆ ಏರಿಸುವ ಪ್ರಸ್ತಾವ ಬಂದಾಗ ಆ ಪಕ್ಷದ ಹಲವು ಸಂಸದರು ಪರವಾಗಿ ಮತ ಹಾಕಿದರು. ಯಾರು ಮಾತು ಮುರಿದರು ಎಂದು ಮತದ ದಾಖಲೆಯೇ ಹೆಸರು ಹಿಡಿದು ತೋರಿಸುತ್ತದೆ. ಎರಡನೆಯ ಮಾತು ಮುರಿಯಿತೇ? ಒತ್ತಡ ಅಳೆಯಲು ತಕ್ಕಡಿ ಇಲ್ಲ.